ಮತ್ತು ಇತರರು

ಕ್ಯಾಸೆಟ್ಟಿನ ಮಡಿಕೆ ಕಾಗದದಲ್ಲಿ, ಪ್ರೆಸ್ಸಿನ ವಿಳಾಸಕ್ಕಿಂತ ಒಂದು ಸಾಲು ಮೇಲೆ,
ಸಾಸಿವೆಯಂಥ ಅಕ್ಷರದಲ್ಲಿ ಇರುತ್ತಿದ್ದೆವು ನಾವು:
ವಾದ್ಯ ಸಹಕಾರ ಇಂಥವರು, ಇಂಥವರು, ಮತ್ತು ಇತರರು.

ಇತರರು ಬೆಳಗಿನ ಜಾವದ ಮಾರಿಕುಪ್ಪಂ ಗಾಡಿ ಹತ್ತುತ್ತಿದ್ದರು.
ಚಾಂಪಿಯನ್ನಿನಲ್ಲಿ ಏಳುಮಲೈ,
ಕಂಕುಳಲ್ಲಿ ಡ್ರಮ್ಮಿನ ಕಡ್ಡಿ, ಬಾಯಲ್ಲಿ ಬೇವಿನ ಕಡ್ಡಿ.
ಕೋರಮಂಡಲದಲ್ಲಿ ಸೆಲ್ವರಾಣಿ:
ಹತ್ತೊಂಬತ್ತು ವರ್ಷ ನಾಯಕಿಯರ ಹಿಂದೆ ಆ ಆ, ಓ ಓ ಅಂದವಳು,
ಒಂದು ವ್ಯಂಜನಕ್ಕೂ ಕಾಸು ಕಾಣದವಳು.
ಊರಿಗಾಂನಲ್ಲಿ ಡೆಸ್ಮಂಡ್,
ಗಿಟಾರಿಗೆ ಸೀಟು ಹಿಡಿದು ತಾನು ನಿಂತೇ ಬರುವವನು.
ಬಂಗಾರಪೇಟೆಯಲ್ಲಿ ನಾನು, ಪಿಳ್ಳಪ್ಪ. ಬೇಸ್.
ನೀವು ನನ್ನನ್ನು ಕೇಳಿದ್ದೀರಿ. ಗಮನಿಸಿಲ್ಲ, ಅಷ್ಟೆ.

ಟೇಕಲ್ಲಿನಲ್ಲಿ ಒಂದಿನ ಗೂಡ್ಸು ಹಳಿ ತಪ್ಪಿ ಮಧ್ಯಾಹ್ನದವರೆಗೂ ಗಾಡಿ ನಿಂತಿತು.
ಸುಮ್ಮನೆ ಕೂರಲಾರದೆ ಪ್ಲಾಟ್‌ಫಾರಮ್ಮಿಗಿಳಿದು ನುಡಿಸಿದೆವು.
ಸೀಬೆಹಣ್ಣಿನ ಮುದುಕಿ ಕೇಳಿದಳು, ಇದೇನಪ್ಪಾ ಇದು?
ರಾಕ್, ಅಂದ ಡೆಸ್ಮಂಡ್.
ಹಂಗಂದ್ರೆ?
ಏಳುಮಲೈ ಕಡ್ಡಿ ಎತ್ತಿ ಸ್ಟೇಷನ್ ಹಿಂದಿನ ಬಂಡೆಗಳನ್ನು ತೋರಿಸಿದ.
ಅವಳು ಬಂಡೆ ನೋಡಿದಳು, ನಮ್ಮನ್ನು ನೋಡಿದಳು,
ಸರಿ ಬಿಡು ಅಂದು ಎರಡು ಹಣ್ಣು ಹೆಚ್ಚಿಗೆ ಹಾಕಿದಳು.
ಅದು ಮೊದಲ ಸಂಭಾವನೆ.
ಹೆಸರು ಹುಡುಕುವ ಕಷ್ಟವಿರಲಿಲ್ಲ. ಅಚ್ಚಾಗೇ ಇತ್ತು.

ರಾಬರ್ಟ್‌ಸನ್ ಪೇಟೆಯ ಮುಚ್ಚಿದ ಸೋಡಾ ಫ್ಯಾಕ್ಟರಿಯಲ್ಲಿ ತಾಲೀಮು.
ಯಾರೂ ಶುರು ಮಾಡಲಿಲ್ಲ.
ಗೋಡೆಯಲ್ಲಿ ಕೆಂಪು ದೀಪ ಹತ್ತಲೆಂದು ಕಾಯುತ್ತಿದ್ದೆವು, ನಾಲ್ವರೂ.
ಹೇಗೋ ಶುರುವಾದದ್ದು ಮುಗಿಯಲಿಲ್ಲ:
ಸ್ಟುಡಿಯೋದಲ್ಲಿ ಹಾಡು ಮುಗಿಸುವವರು ನಾವಲ್ಲ.
ಗಾಜಿನಾಚೆ ಯಾರದೋ ಬೆರಳು ಸದ್ದು ಇಳಿಸುತ್ತಾ ಹೋಗುತ್ತದೆ,
ಈಚೆ ನಾವು ನುಡಿಸುತ್ತಲೇ ಇರುತ್ತೇವೆ.
ಹನ್ನೊಂದು ನಿಮಿಷವಾದ ಮೇಲೆ ಏಳುಮಲೈ
ಕಂಚಿನ ತಟ್ಟೆಗೆ ಒಂದೇ ಏಟು ಹಾಕಿ ಕೈ ಎತ್ತಿದ.
ಅವನಪ್ಪ ಗಣಿಯ ಬಾಯಲ್ಲಿ ಕೇಜಿಗೆ ಗಂಟೆ ಹೊಡೆಯುತ್ತಿದ್ದವನು.
ಎರಡು ಹೊಡೆದರೆ, ಇಳಿಸು.
ಮೂರು, ಒಳಗೆ ಮನುಷ್ಯರಿದ್ದಾರೆ.
ಒಂದು, ನಿಲ್ಲು.

ಆಮೇಲೆ ಕ್ಲಬ್ಬಿನ ಕ್ರಿಸ್‌ಮಸ್ಸು, ಚಿಂತಾಮಣಿಯಲ್ಲಿ ರೇಷ್ಮೆ ವ್ಯಾಪಾರಿಯ ಆರತಕ್ಷತೆ,
ಕೋಲಾರದಲ್ಲಿ ಮಳೆ ಬಂದು ಆಂಪ್ಲಿಫೈಯರಿಗೆ ಪೆಂಡಾಲಿನ ಬಟ್ಟೆ ಹೊದಿಸಿದ್ದು.
ಸೆಲ್ವರಾಣಿ ಮೈಕಿನ ಮುಂದೆ ನಿಂತು ಕ, ಟ, ಪ ಅನ್ನುವಾಗ
ಬೆಲ್ಲ ಕಚ್ಚಿದವಳ ಹಾಗೆ ಕಾಣುತ್ತಿದ್ದಳು.
ಮುಳಬಾಗಿಲಿನ ಕಾಲೇಜಿನಲ್ಲಿ ಸಿನಿಮಾ ಹಾಡೇ ಬೇಕೆಂದರು.
ಡೆಸ್ಮಂಡ್ ತಾನೇ ಹಿಂದೆ ಸ್ಟುಡಿಯೋದಲ್ಲಿ ನುಡಿಸಿದ್ದ ತುಂಡನ್ನು ನುಡಿಸಿದ.
ಒಬ್ಬ ಹುಡುಗ ಬಂದು, ಪರವಾಗಿಲ್ಲ ಸಾರ್,
ಆದ್ರೆ ಕ್ಯಾಸೆಟ್ಟಲ್ಲಿರೋ ಥರ ಬರ್ಲಿಲ್ಲ, ಅಂದ.
ನಾವು ಹೊಟ್ಟೆ ಹಿಡಿದು ನಕ್ಕೆವು.
ಡೆಸ್ಮಂಡ್ ಮಾತ್ರ ವ್ಯಾನಿನಲ್ಲಿ ಬೇತಮಂಗಲದವರೆಗೂ
ಆ ತುಂಡನ್ನೇ ತಿದ್ದುತ್ತಾ ಕೂತ.

ನಮ್ಮದೇ ಕ್ಯಾಸೆಟ್ಟು ಐನೂರು ಮಾಡಿಸಿದೆವು. ಮುನ್ನೂರ ನಲವತ್ತು ವಾಪಸು ಬಂದವು.
ಏಳುಮಲೈಯ ಅಕ್ಕ ಟೇಪು ಬಿಚ್ಚಿ ಟೊಮೇಟೊ ಹೊಲದ ಸುತ್ತ ಕಟ್ಟಿದಳು,
ಗಿಳಿ ಹೆದರಲಿ ಅಂತ.
ಗಾಳಿ ಎದ್ದರೆ ಗುಂಯ್ ಅನ್ನುತ್ತಿತ್ತು, ನಮ್ಮದಲ್ಲದ ಶ್ರುತಿಯಲ್ಲಿ.
ಗಿಳಿಗಳು ಒಂದು ವಾರ ಹೆದರಿದವು.

ಸ್ಟುಡಿಯೋಗೆ ಪೆಟ್ಟಿಗೆಯೊಂದು ಬಂತು, ಅದರೊಳಗೆ ನಾವು ನಾಲ್ವರೂ ಇದ್ದೆವು,
ಟೀ ಕೇಳದೆ, ರೈಲು ತಪ್ಪಿಸಿಕೊಳ್ಳದೆ.
ಆಗಲೇ ಗಣಿಯೂ ಮುಚ್ಚಿತು.
ಬ್ಯಾಂಡು ಒಡೆಯಿತೆಂದು ಯಾರೂ ಹೇಳಲಿಲ್ಲ.
ಗುರುವಾರದ ತಾಲೀಮು ತಪ್ಪಿತು, ಆಮೇಲೆ ಭಾನುವಾರದ್ದು,
ಸೋಡಾ ಫ್ಯಾಕ್ಟರಿಯ ಬೀಗ ಬದಲಾಯಿತು.
ಗಾಜಿನಾಚೆಯ ಆ ಬೆರಳು.

ಮೊನ್ನೆ ಗಾಡಿಯಲ್ಲಿ ಎದುರು ಸೀಟಿನ ಹುಡುಗ ಫೋನಿನಲ್ಲಿ ಹಳೇ ಹಾಡು ಹಾಕಿದ.
ನಂದು. ಅಂದರೆ, ನಾನೂ ಇರುವುದು.
ಕಡಲೆಬೀಜದಷ್ಟು ಸ್ಪೀಕರಿಗೆ ಬೇಸ್ ಸಿಗುವುದಿಲ್ಲ.
ಕೊಳಲು ಬಂತು, ಪಿಟೀಲು ಬಂತು, ಸೆಲ್ವರಾಣಿಯ ಆ ಆ ಕೂಡ ಬಂತು.
ನಾನು ಬರಲಿಲ್ಲ.
ಬೆರಳು ತಾವಾಗಿ ಊಟದ ಡಬ್ಬಿಯ ಮೇಲೆ ನಡೆದವು.
ಟೇಕಲ್ ಹತ್ತಿರ ಅವನಿಗೆ ಕಾಲ್ ಬಂದು ಹಾಡು ಅರ್ಧಕ್ಕೇ ನಿಂತಿತು.
ಡಬ್ಬಿಗೆ ಮೂರು ಸಲ ಬಡಿದೆ.
ಏನಂಕಲ್, ಅಂದ.
ಏನಿಲ್ಲ, ಸೀಬೆಹಣ್ಣು ತಿಂತೀಯಾ, ಅಂದೆ.